ಮಿಸ್ಟಿ ಸ್ಟೆಪ್ ಹಾಕಿದ್ರೆ ಕೈಕೋಳ ಕಳಚುತ್ತಾ?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಅಂದ್ರೆ ದಾಳ ಹಾಕಿ ಪಾತ್ರಗಳಾಗಿ ಆಡೋ ಡಿ ಅಂಡ್ ಡಿ ಆಟದ ಐದನೇ ಎಡಿಷನ್ (ನಾನು ಹೇಳ್ತಿರೋದು 2014ರ ರೂಲ್ಸ್) ಆಡೋರ ಮಧ್ಯೆ ಈ ಜಗಳ ಒಂದಲ್ಲ ಒಂದಿನ ಬಂದೇ ಬರುತ್ತೆ, ವಿಝರ್ಡ್ (ಮಂತ್ರವಾದಿ) ಕೈಗೆ ಕೋಳ ಹಾಕಿ ಗೋಡೆಗೆ ಸರಪಳಿ ಬಿಗಿದಿದಾರೆ, ಅವನು ಮಿಸ್ಟಿ ಸ್ಟೆಪ್ ಅಂತಾನೆ (ಇದ್ದಲ್ಲಿಂದ ಮಾಯವಾಗಿ 30 ಅಡಿ ಒಳಗೆ ಇನ್ನೊಂದು ಕಡೆ ಕಾಣಿಸ್ಕೊಳ್ಳೋ ಟೆಲಿಪೋರ್ಟ್ ಮಂತ್ರ), ಈಗೇನು?

ಯಾರಾದ್ರೂ ಹಿಡ್ಕೊಂಡಿದ್ರೆ ತಲೆಬಿಸಿ ಇಲ್ಲ, ಹಿಡಿದವನ ಕೈಗೆ ಎಟುಕದಷ್ಟು ದೂರ ಹೋದ್ರೆ ಗ್ರ್ಯಾಪಲ್ (ಹಿಡಿತ) ಮುಗೀತು ಅಂತ ರೂಲ್‌ನಲ್ಲೇ ಇದೆ. ಕಿರಿಕ್ ಇರೋದು ಕೋಳದ್ದು. ಬಿಡಿಸ್ಕೊಳ್ಳೋಕೆ ಡಿಸಿ (ದಾಳ ಹಾಕಿ ಮುಟ್ಟಬೇಕಾದ ಅಂಕ) 20, ಮುರಿಯೋಕೂ 20, ಆದ್ರೆ ಟೆಲಿಪೋರ್ಟ್ ಬಗ್ಗೆ ಅಲ್ಲಿ ಒಂದಕ್ಷರಾನೂ ಇಲ್ಲ. ನಾನು ಡಿಎಮ್ (ಆಟ ನಡೆಸೋನು) ಆದಾಗ ಹೇಳೋದಿಷ್ಟೇ: ಕೋಳ ಗೋಡೆಗೆ ಸೇರಿದ್ರೆ ಅದು ಅಲ್ಲೇ ಖಾಲಿ ನೇತಾಡುತ್ತೆ, ಬರೀ ಎರಡು ಕೈ ಸೇರಿಸಿ ಹಾಕಿದ್ರೆ ಮೈಮೇಲಿನ ಬಟ್ಟೆ ಜೊತೆ ಅದೂ ಬರುತ್ತೆ, 30 ಅಡಿ ಆಚೆ ಹೋಗಿ ಕೋಳ ಸಮೇತ ಓಡು ಮಾರಾಯ.

ಅಸಲಿಗೆ ಕೈ ಕಟ್ಟೋದೇ ದಂಡ. ಮಿಸ್ಟಿ ಸ್ಟೆಪ್‌ಗೆ ಬೇಕಿರೋದು ಬಾಯಿ ಮಾತ್ರ, ಜೊತೆಗೆ ಹೋಗೋ ಜಾಗ ಕಣ್ಣಿಗೆ ಕಾಣ್ಬೇಕು, ಬಾಯಿಗೆ ಬಟ್ಟೆ ತುರುಕಿದ್ರೆ ಕೆಲ್ಸ ಆಯ್ತು. ಡೈಮೆನ್ಷನ್ ಡೋರ್ ಅನ್ನೋ ಇನ್ನೊಂದು ಟೆಲಿಪೋರ್ಟ್ ಮಂತ್ರಕ್ಕೆ ಕಣ್ಣು ಕಟ್ಟಿ ಪ್ರಯೋಜನ ಇಲ್ಲ, 500 ಅಡಿ ಒಳಗೆ ಇಷ್ಟು ದೂರ ಈ ದಿಕ್ಕು ಅಂದ್ರೆ ಸಾಕು, ಆದ್ರೆ ಅದಕ್ಕೂ ಬಾಯಿ ಬೇಕು. ಸಟಲ್ ಸ್ಪೆಲ್ (ಬಾಯಿ, ಕೈ ಆಡಿಸದೇ ಮಂತ್ರ ಹಾಕೋ ಕಲೆ) ಇರೋ ಸಾರ್ಸರರ್ (ಇನ್ನೊಂದು ಥರದ ಮಾಂತ್ರಿಕ) ಸಿಕ್ರೆ ಮಾತ್ರ ಜೈಲರ್ ಕಥೆ ಗೋವಿಂದ. ಅಂಥವರಿಗೇ ಡೈಮೆನ್ಷನಲ್ ಶ್ಯಾಕಲ್ಸ್ ಅನ್ನೋ ಮಾಯಾ ಕೋಳ ಇರೋದು, ಟೆಲಿಪೋರ್ಟ್ ಪೂರ್ತಿ ಬಂದ್, ಮುರಿಯೋಕೆ 30 ದಿನಕ್ಕೊಮ್ಮೆ ಡಿಸಿ 30 ಟ್ರೈ ಮಾಡ್ಬಹುದು ಅಷ್ಟೇ. ಆದ್ರೆ ಅಷ್ಟು ಅಪರೂಪದ ಐಟಮ್ಮನ್ನ ಪ್ರತಿ ಹಳ್ಳಿ ಠಾಣೆಲೂ ಇಡೋ ಡಿಎಮ್‌ಗಳನ್ನ ಕಂಡ್ರೆ ನಂಗೆ ಸಿಟ್ಟು ಬರುತ್ತೆ.