‘ಹೊಸದು’ ಎಂದದ್ದು

ಮುಂಬೈಯ ಮಲಾಡಿನ ಆಸ್ಪತ್ರೆಯೊಂದರ ಓಪಿಡಿ ಫಾರ್ಮಸಿಯಲ್ಲಿ ಹದಿನಾಲ್ಕು ವರ್ಷಗಳಿಂದ ಕೌಂಟರಿನ ಹಿಂದೆ ನಿಂತಿರುವ ನನಗೆ ಜೆನೆರಿಕ್ ಔಷಧಗಳ, ಅಂದರೆ ದೊಡ್ಡ ಬ್ರ್ಯಾಂಡಿನ ಹೆಸರಿಲ್ಲದೆ ಅಗ್ಗಕ್ಕೆ ಸಿಗುವ ಅದೇ ಔಷಧಗಳ ಮೇಲೆ ತುಸು ಹೆಚ್ಚೇ ಅಭಿಮಾನವಿತ್ತು. ಟ್ರೈನಿ ಹುಡುಗರು ಸಿಕ್ಕರೆ 2013ರ ಔಷಧ ಬೆಲೆ ನಿಯಂತ್ರಣ ಆದೇಶದಿಂದ ಪಾಠ ಶುರುಮಾಡುತ್ತಿದ್ದೆ: ಮಾರುಕಟ್ಟೆಯಲ್ಲಿ ಶೇ. 1 ಅಥವಾ ಅದಕ್ಕಿಂತ ಹೆಚ್ಚಿನ ಪಾಲಿರುವ ಬ್ರ್ಯಾಂಡುಗಳ ಸರಾಸರಿ ಬೆಲೆಗೆ ಚಿಲ್ಲರೆ ವ್ಯಾಪಾರಿಯ ಶೇ. 16 ಸೇರಿಸಿ ಗರಿಷ್ಠ ಬೆಲೆ ಕಟ್ಟುತ್ತಾರೆ, ಆ ಸರಾಸರಿಯೊಳಗೆ ದುಬಾರಿ ಬ್ರ್ಯಾಂಡುಗಳೂ ಇರುತ್ತವೆ, ಬೆಲೆ ನಿಯಂತ್ರಣದ ಪಟ್ಟಿಯ ಹೊರಗಿನ ಮಾಲಿಗಂತೂ ವರ್ಷಕ್ಕೆ ಶೇ. 10ರವರೆಗೆ ಏರಿಸಲು ಅವಕಾಶವಿದೆ, ಆದ್ದರಿಂದ ರೋಗಿಯ ಹಣ ಉಳಿಯಬೇಕಾದರೆ ಅದು ನಮ್ಮ ಕೌಂಟರಿನಲ್ಲೇ ಉಳಿಯಬೇಕು ಎಂದು. ಈ ಮಾತುಗಳಲ್ಲಿ ಸುಳ್ಳೇನೂ ಇಲ್ಲ. ಆದರೆ ಕಳೆದ ವರ್ಷದ ಅಂಗಾರಕಿಯ (ಮಂಗಳವಾರ ಬೀಳುವ ಸಂಕಷ್ಟಿಯ) ಸಂಜೆಯ ನಂತರ ಅದೇ ಪಾಠವನ್ನು ಅಷ್ಟು ಜೋರಾಗಿ ಹೇಳಲು ನನಗೆ ಬಾಯಿ ಬರುವುದಿಲ್ಲ.

ಕುಂದಾಪುರ ಕಡೆಯ ಹಿರಿಯ ದಂಪತಿ. ಯಜಮಾನರು ಫೋರ್ಟಿನ ಉಡುಪಿ ಹೋಟೆಲೊಂದರಲ್ಲಿ ಮೂವತ್ತು ವರ್ಷ ಗಲ್ಲಾದಲ್ಲಿ ಕೂತು ನಿವೃತ್ತರಾದವರು, ಎಪ್ಪತ್ತು ದಾಟಿದ ಸಕ್ಕರೆ ಕಾಯಿಲೆಯವರು. ಗ್ಲಿಮೆಪಿರೈಡ್ 2, ಮೆಟ್‌ಫಾರ್ಮಿನ್ 500 ಕೂಡಿದ ಮಾತ್ರೆ, ಬೆಳಿಗ್ಗೆ ಒಂದು. ಚೀಟಿಯಲ್ಲಿ ಬರೆದಿದ್ದ ಬ್ರ್ಯಾಂಡಿಗೆ ತಿಂಗಳಿಗೆ 318 ರೂಪಾಯಿ ಆಗುತ್ತಿತ್ತು. ಒಳಗಿನ ಔಷಧ ಅದೇ ಆದರೂ ಷೆಡ್ಯೂಲ್ ಎಚ್ ಮಾಲನ್ನು, ಅಂದರೆ ಡಾಕ್ಟರರ ಚೀಟಿಯಿಲ್ಲದೆ ಮಾರಬಾರದ ಔಷಧವನ್ನು, ನಮ್ಮಷ್ಟಕ್ಕೆ ನಾವು ಬದಲಿಸುವಂತಿಲ್ಲ ಎಂಬುದು 1945ರ ಔಷಧ ನಿಯಮಾವಳಿಯಲ್ಲಿಯೇ ಇದೆ. ಹೀಗಾಗಿ ನಾನು ಓಪಿಡಿಗೆ ಇಂಟರ್‌ಕಾಮ್ ಮಾಡಿ, ಡಾಕ್ಟರರ ಒಪ್ಪಿಗೆ ಪಡೆದು, ಚೀಟಿಯ ಮೇಲೆ ಸಮಯ ಬರೆದು, 106 ರೂಪಾಯಿಯ ಜೆನೆರಿಕ್ ಕೊಟ್ಟೆ. ಮಾರ್ಕರಿನಿಂದ ಸ್ಟ್ರಿಪ್ಪಿನ ಮೇಲೆ ಕನ್ನಡದಲ್ಲಿಯೇ ‘ಬೆಳಿಗ್ಗೆ 1, ತಿಂಡಿಗೆ ಮೊದಲು’ ಎಂದು ಬರೆದೆ. ಕೌಂಟರಿನಲ್ಲಿ ಕನ್ನಡ ಬರುವವನು ನಾನೊಬ್ಬನೇ ಎಂಬ ಸಣ್ಣ ಹೆಮ್ಮೆಯೂ ಇತ್ತು.

ಅಮ್ಮ ಸ್ಟ್ರಿಪ್ಪನ್ನು ತಿರುಗಿಸಿ ನೋಡಿ, “ಹ್ವಾಯ್, ಇದ್ ಹೊಸ ಮಾತ್ರೆಯಾ?” ಎಂದು ಕೇಳಿದರು.

“ಹೌದಮ್ಮ, ಹೊಸದು. ಇನ್ನೂರು ರೂಪಾಯಿ ಉಳೀತು ನೋಡಿ” ಎಂದೆ. ಅಷ್ಟರಲ್ಲಿ ಮುಂದಿನ ಟೋಕನ್ ಬಡಿಯಿತು.

ಅದು ಗುರುವಾರ. ಮುಂದಿನ ಮಂಗಳವಾರ ಸಂಜೆ ಏಳರ ಸುಮಾರಿಗೆ ಕ್ಯಾಷುವಾಲಿಟಿಯಿಂದ ಡಿ25ರ (ಸಕ್ಕರೆ ಕುಸಿದವರಿಗೆ ರಕ್ತನಾಳದ ಮೂಲಕ ಕೊಡುವ ಡೆಕ್ಸ್ಟ್ರೋಸ್) ತುರ್ತು ಇಂಡೆಂಟ್ ಬಂತು. ಯಾರಿಗೆಂದು ನೋಡದೆ ನಾನೇ ಬಿಲ್ ಹೊಡೆದು ವಾರ್ಡ್‌ಬಾಯ್ ಕೈಗೆ ಕೊಟ್ಟೆ. ಕಾಲು ಗಂಟೆಯ ನಂತರ ಸಿಸ್ಟರ್ ಒಂದು ಪ್ಲಾಸ್ಟಿಕ್ ಚೀಲ ಹಿಡಿದು ಕೆಳಗೆ ಬಂದು, ಮನೆಯವರು ತಂದ ಮಾತ್ರೆಗಳು ಯಾವುವೆಂದು ಗುರುತು ಹಿಡಿದು ಹೇಳಿ ಎಂದರು. ಚೀಲದಲ್ಲಿ ಬಿಪಿಯದೊಂದು, ಹಳೆಯ ಬ್ರ್ಯಾಂಡಿನ ಅರ್ಧ ಖಾಲಿಯಾದ ಸ್ಟ್ರಿಪ್ ಒಂದು, ಮತ್ತು ನನ್ನದೇ ಕೈಬರಹವಿದ್ದ ಸ್ಟ್ರಿಪ್ ಒಂದು. ನನ್ನ ಸ್ಟ್ರಿಪ್ಪಿನಲ್ಲಿ ಐದು ಗುಳಿಗಳು ಒಡೆದಿದ್ದವು. ಶುಕ್ರ, ಶನಿ, ಭಾನು, ಸೋಮ, ಮಂಗಳ ಎಂದು ಬೆರಳು ಮಡಚಿದೆ. ಹಳೆಯದನ್ನೂ ನುಂಗಿದ್ದರೆ ದಿನಕ್ಕೆ ಗ್ಲಿಮೆಪಿರೈಡ್ 4 ಮಿಲಿಗ್ರಾಂ ಆಯಿತು. ಅದರ ಮೇಲೆ ಇಂದು ಚಂದ್ರೋದಯದವರೆಗೆ ಉಪವಾಸ.

ಮೇಲೆ ಹೋದೆ. ಬಂದಾಗ 42 ಇದ್ದ ಸಕ್ಕರೆ ಡೆಕ್ಸ್ಟ್ರೋಸ್ ಏರಿದ ಮೇಲೆ 160 ದಾಟಿತ್ತು. ಬೆವರಿಗೆ ಒದ್ದೆಯಾದ ಬನಿಯನ್ನಿನಲ್ಲಿಯೇ ಎದ್ದು ಕೂತಿದ್ದ ಯಜಮಾನರು ಕಾಫಿ ಕೇಳುತ್ತಿದ್ದರು. ಉಪವಾಸದಿಂದ ಆದದ್ದು ಎಂದು ಎಲ್ಲರೂ ಒಪ್ಪಿಕೊಂಡಾಗಿತ್ತು, ಮಗ ಡಿಸ್ಚಾರ್ಜ್ ಕೇಳುತ್ತಿದ್ದ, ಡ್ಯೂಟಿ ಡಾಕ್ಟರರು ಪೆನ್ನು ತೆಗೆದಿದ್ದರು. ಉಪವಾಸದ ಮಾತು ನನಗೂ ಎಷ್ಟು ಅನುಕೂಲವಾಗಿತ್ತೆಂದರೆ, ಕಂಬದ ಪಕ್ಕದಲ್ಲಿ ಐದಾರು ನಿಮಿಷ ಸುಮ್ಮನೆ ನಿಂತೆ. ನನ್ನ ದಾಖಲೆಗಳೆಲ್ಲ ಸರಿಯಾಗಿದ್ದವು; ಒಪ್ಪಿಗೆಯಿತ್ತು, ಸಮಯ ಬರೆದಿತ್ತು, ಬಿಲ್ಲಿನಲ್ಲಿ ಬ್ಯಾಚ್ ನಂಬರ್ ಇತ್ತು. ಆದರೆ ಗ್ಲಿಮೆಪಿರೈಡ್ ಗುಂಪಿನ ಮಾತ್ರೆಯಿಂದ ಇಳಿದ ಸಕ್ಕರೆ ಒಮ್ಮೆ ಏರಿ ಮತ್ತೆ ಬೀಳುತ್ತದೆಂದು, ವಯಸ್ಸಾದವರನ್ನು ಒಂದು ದಿನವಾದರೂ ಕಣ್ಣಳತೆಯಲ್ಲಿ ಇಟ್ಟುಕೊಳ್ಳಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆ ನಿಮಿಷಗಳಲ್ಲಿ ನಾನು ಲೆಕ್ಕ ಹಾಕುತ್ತಿದ್ದದ್ದು ಅವರ ಸಕ್ಕರೆಯನ್ನಲ್ಲ, ನನ್ನ ನೌಕರಿಯನ್ನು. ಇದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ.

ಕೊನೆಗೆ ಎರಡು ಸ್ಟ್ರಿಪ್ಪುಗಳನ್ನೂ ಡಾಕ್ಟರರ ಮುಂದಿಟ್ಟು ಹೇಳಿದೆ. ಅವರು ಬರೆಯುತ್ತಿದ್ದ ಡಿಸ್ಚಾರ್ಜನ್ನು ಹೊಡೆದು ಹಾಕಿ, ಗಂಟೆಗೊಮ್ಮೆ ಬೆರಳು ಚುಚ್ಚಿ ಸಕ್ಕರೆ ಅಳೆಯುವ ಜಿಆರ್‌ಬಿಎಸ್ ನೋಡಲು ಹೇಳಿ ಅಡ್ಮಿಟ್ ಮಾಡಿದರು. ರಾತ್ರಿ ಹನ್ನೊಂದೂವರೆಗೆ ಸಕ್ಕರೆ ಮತ್ತೆ 58ಕ್ಕೆ ಬಿತ್ತು. ಅಮ್ಮನನ್ನು ಕೇಳಿದಾಗ, “ನೀವೇ ಹೊಸದ್ ಅಂದ್ರಲ್ದಾ? ಹಳೇದ್ ಬಿಡಿ ಅಂತ ಹೇಳ್ಲಿಲ್ಲ” ಎಂದರು. ಅವರಿಗೆ ‘ಹೊಸ ಮಾತ್ರೆ’ ಎಂದರೆ ಇದ್ದದ್ದರ ಜೊತೆಗೆ ಇನ್ನೊಂದು. ನನಗೆ ಅದೇ ಮಾತ್ರೆಯ ಇನ್ನೊಂದು ಹೆಸರು. ಮರಾಠಿ ಮಾತನಾಡುವ ರೋಗಿಯಾಗಿದ್ದರೆ ನನ್ನ ಭಾಷೆಯ ಮೇಲೆ ನನಗೇ ಅನುಮಾನವಿದ್ದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದೆ. ಕನ್ನಡದವರೆಂದು ಒಂದೇ ಮಾತಿನಲ್ಲಿ ಮುಗಿಸಿದೆ.

ಒಂದು ರಾತ್ರಿಯ ಬಿಲ್ 11,400 ರೂಪಾಯಿ. ನಾನು ಉಳಿಸಿದ್ದು 212.

ಇನ್ಸಿಡೆಂಟ್ ಫಾರಂ ತುಂಬಿದೆ, ಮೀಟಿಂಗ್ ಆಯಿತು. ಬದಲಿ ಕೊಟ್ಟಾಗ ಬಿಲ್ಲಿನ ಕೆಳಗೆ ಒಂದು ಸಾಲು ಅಚ್ಚಾಗಬೇಕೆಂದು ತೀರ್ಮಾನವಾಯಿತು. ಅದು ಇಂಗ್ಲಿಷಿನಲ್ಲಿ ಅಚ್ಚಾಗುತ್ತದೆ, ಸಾಫ್ಟ್‌ವೇರಿಗೆ ಮರಾಠಿಯೇ ಬರುವುದಿಲ್ಲ, ಇನ್ನು ಕನ್ನಡದ ಮಾತೆಲ್ಲಿ. ರೋಗಿಗಳಿಗೆ ಔಷಧದ ಬಗ್ಗೆ ವಿವರಿಸಲೆಂದು ಇರುವ ಕೌನ್ಸೆಲಿಂಗ್ ರೂಮಿನಲ್ಲಿ ಈಗಲೂ ಸಲೈನ್ ಕಾರ್ಟನ್‌ಗಳಿವೆ. ಟೋಕನ್ನಿಗೆ ನಾಲ್ಕು ನಿಮಿಷದ ಟಾರ್ಗೆಟ್ ಹಾಗೆಯೇ ಇದೆ, ಟ್ರೇಡ್ ಜೆನೆರಿಕ್ (ಕಂಪನಿಗಳು ವ್ಯಾಪಾರಿಗಳ ಮೂಲಕವೇ ಮಾರುವ ಜೆನೆರಿಕ್) ಮೇಲೆ ಮಾರ್ಜಿನ್ ಎಷ್ಟು ಬಂತೆಂದು ತಿಂಗಳ ಕೊನೆಗೆ ಕೇಳುವುದೂ ನಿಂತಿಲ್ಲ. ನಾನು ಮಾತ್ರ ಬದಲಿ ಕೊಡುವಾಗ “ಮನೆಯಲ್ಲಿ ಹಳೆಯದು ಎಷ್ಟು ಉಳಿದಿದೆ?” ಎಂದು ಕೇಳಿ, ಅದು ಮುಗಿಯುವ ತಾರೀಖನ್ನು ಹೊಸ ಸ್ಟ್ರಿಪ್ಪಿನ ಮೇಲೆ ಬರೆದು, ಈ ತಾರೀಖಿನ ನಂತರವೇ ಇದನ್ನು ತೆಗೆಯಿರಿ ಎನ್ನುತ್ತೇನೆ. ಇದಕ್ಕೆ ಆರು ನಿಮಿಷ ಹಿಡಿಯುತ್ತದೆ, ಬೋರ್ಡಿನಲ್ಲಿ ನನ್ನ ಕೌಂಟರಿನ ನಂಬರ್ ಕೆಂಪಾಗುತ್ತದೆ.

ದಂಪತಿ ಈಗಲೂ ಪ್ರತಿ ತಿಂಗಳೂ ಬರುತ್ತಾರೆ, ನನ್ನ ಕೌಂಟರಿಗೇ ಬರುತ್ತಾರೆ. ಆ ಜೆನೆರಿಕ್ ಮಾತ್ರೆಯಲ್ಲಿ ಯಾವ ದೋಷವೂ ಇರಲಿಲ್ಲವೆಂದು ಎರಡು ಸಲ ವಿವರಿಸಿ ನೋಡಿದೆ. ಅಮ್ಮ ಕೈ ಅಡ್ಡ ಹಿಡಿದು, “ಅಗ್ಗದ್ ಬ್ಯಾಡ ಮಗಾ, ಹಳೇದೇ ಕೊಡು” ಎನ್ನುತ್ತಾರೆ. ನಾನು 318 ರೂಪಾಯಿಗೆ ಬಿಲ್ ಹೊಡೆಯುತ್ತೇನೆ.