ಮನೆಗೆ ಇಂಕ್‌ಜೆಟ್ಟೋ ಲೇಸರ್ರೋ: ದಿನ ಎಣಿಸಿ, ಆಮೇಲೆ ಪುಟ

ಪ್ರಿಂಟರ್ ಕೊಳ್ಳುವಾಗ ಎಲ್ಲರೂ ಮೊದಲು ಹಾಕುವುದು ತಿಂಗಳಿಗೆ ಎಷ್ಟು ಪುಟ ಎಂಬ ಲೆಕ್ಕ. ಮನೆಯ ಮಟ್ಟಿಗೆ ಅದಕ್ಕಿಂತ ಮುಖ್ಯವಾದ ಲೆಕ್ಕ ಇನ್ನೊಂದಿದೆ: ಒಮ್ಮೆ ಪ್ರಿಂಟ್ ತೆಗೆದ ಮೇಲೆ ಮತ್ತೆ ತೆಗೆಯುವವರೆಗೆ ಯಂತ್ರ ಎಷ್ಟು ದಿನ ಸುಮ್ಮನೆ ಕೂತಿರುತ್ತದೆ? ಎರಡು ಮೂರು ವಾರ ಯಾರೂ ಅದರತ್ತ ತಿರುಗಿಯೂ ನೋಡುವುದಿಲ್ಲ, ಬೇಕಾದಾಗ ಬೇಕಾಗಿರುವುದು ಬರೀ ಕಪ್ಪು ಅಕ್ಷರ ಎಂದಾದರೆ ಕಪ್ಪು-ಬಿಳುಪಿನ ಲೇಸರ್ ತೆಗೆದುಕೊಳ್ಳಿ. ವಾರಕ್ಕೆ ನಾಲ್ಕಾರು ಸಲ ಬಣ್ಣದ ಪ್ರಿಂಟ್ ಬೇಕೇ ಬೇಕು ಎನ್ನುವ ಮನೆಗೆ ಇಂಕ್ ಟ್ಯಾಂಕ್, ಅಂದರೆ ಬಾಟಲಿಯಿಂದ ಶಾಯಿ ಸುರಿದುಕೊಳ್ಳುವ ಇಂಕ್‌ಜೆಟ್.

ಇಂಕ್‌ಜೆಟ್‌ನಲ್ಲಿ ಶಾಯಿ ಚಿಮ್ಮಿಸುವ ಭಾಗವಾದ ಹೆಡ್‌ನಲ್ಲಿ ಕೂದಲೆಳೆಗಿಂತ ಸಣ್ಣ ತೂತುಗಳು ನೂರಾರು ಇರುತ್ತವೆ. ಶಾಯಿಯ ನೀರಿನಂಶ ಆರಿದರೆ ಉಳಿದದ್ದು ಆ ತೂತಿನಲ್ಲೇ ಗಟ್ಟಿಯಾಗುತ್ತದೆ. ಇದನ್ನು ತಡೆಯಲೆಂದೇ ಕೆಲಸ ಮುಗಿದ ಮೇಲೆ ಹೆಡ್ ಒಂದು ಬದಿಗೆ ಸರಿದು ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ. ಪ್ರಿಂಟ್ ಆಗುತ್ತಿರುವಾಗ ಗೋಡೆಯ ಸ್ವಿಚ್ ಆರಿಸಿದರೆ ಹೆಡ್ ಮಧ್ಯದಲ್ಲೇ ನಿಂತು, ಬಾಯಿ ತೆರೆದೇ ಉಳಿಯುತ್ತದೆ. ಹಾಗಾಗಿ ಯಾವಾಗಲೂ ಪ್ರಿಂಟರ್‌ನದೇ ಬಟನ್ ಒತ್ತಿ ಆರಿಸಿ, ಸದ್ದು ಪೂರ್ತಿ ನಿಂತ ಮೇಲಷ್ಟೇ ಗೋಡೆಯ ಸ್ವಿಚ್ ಮುಟ್ಟಿ. ವಾರಕ್ಕೊಮ್ಮೆ ಎಲ್ಲ ಬಣ್ಣಗಳಿರುವ ಒಂದು ಪುಟ ತೆಗೆಯಿರಿ. ಬರೀ ಕಪ್ಪು ಪುಟ ತೆಗೆಯುತ್ತಿದ್ದರೆ ಹಳದಿಯೋ ನೀಲಿಯೋ ಒಳಗೊಳಗೇ ಕಟ್ಟಿಕೊಳ್ಳುತ್ತದೆ.

ಪ್ರಿಂಟ್‌ನಲ್ಲಿ ಬಿಳಿ ಗೆರೆ ಕಂಡರೆ ಮೊದಲು ನಾಝಲ್ ಚೆಕ್ ಪುಟ, ಅಂದರೆ ಯಾವ ತೂತು ಕಟ್ಟಿದೆ ಎಂದು ತೋರಿಸುವ ಪರೀಕ್ಷಾ ಪುಟ ತೆಗೆಯಿರಿ. ಅದರ ಗೆರೆಗಳು ತುಂಡಾಗಿದ್ದರೆ ಒಮ್ಮೆ ಹೆಡ್ ಕ್ಲೀನಿಂಗ್ (ಯಂತ್ರ ತಾನೇ ಶಾಯಿ ಹೀರಿ ತೂತು ಬಿಡಿಸುವುದು), ಮತ್ತೆ ಚೆಕ್. ಹೀಗೆ ಎರಡು ಮೂರು ಸಲ ಮಾಡಿಯೂ ಸರಿಹೋಗದಿದ್ದರೆ ನಿಲ್ಲಿಸಿ, ಬಟನ್‌ನಿಂದ ಆರಿಸಿ ಹನ್ನೆರಡು ಗಂಟೆ ಬಿಟ್ಟು ಮತ್ತೆ ನೋಡಿ. ಹಟ ಹಿಡಿದು ಹತ್ತು ಸಲ ಕ್ಲೀನಿಂಗ್ ಕೊಡುವುದು ಶಾಯಿಯನ್ನು ಚರಂಡಿಗೆ ಸುರಿದಂತೆಯೇ. ಪ್ರತಿ ಸಲವೂ ಹೀರಿದ ಶಾಯಿ ಒಳಗಿನ ವೇಸ್ಟ್ ಪ್ಯಾಡ್‌ಗೆ ಹೋಗುತ್ತದೆ. ಪ್ಯಾಡ್ ತುಂಬಿದೆ ಎಂದು ಯಂತ್ರದ ಲೆಕ್ಕ ಹೇಳಿದ ದಿನ, ಟ್ಯಾಂಕ್‌ನಲ್ಲಿ ಶಾಯಿ ಎಷ್ಟೇ ಇರಲಿ, ಪ್ರಿಂಟರ್ ನಿಲ್ಲುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಈ ಪ್ಯಾಡ್‌ನ ಡಬ್ಬಿಯನ್ನು ನಾವೇ ಬದಲಿಸಬಹುದು. ಕೊಳ್ಳುವ ಮುಂಚೆ ಇದೊಂದನ್ನು ಖಂಡಿತ ವಿಚಾರಿಸಿ. ಬಣ್ಣದ ಗುಣಮಟ್ಟದ ಬಗ್ಗೆ ಮಾತಾಡುವವರು ಬೇಕಾದಷ್ಟು ಜನ, ಇದರ ಬಗ್ಗೆ ಯಾರೂ ಹೇಳುವುದಿಲ್ಲ.

ಇಂಕ್‌ಜೆಟ್‌ಗೆ ಶಾಯಿ ತುಂಬಿಯೇ ಬರುವ ಸಣ್ಣ ಕಾರ್ಟ್ರಿಜ್ ಬಹುಪಾಲು ನೂರರಿಂದ ಇನ್ನೂರು ಪುಟಕ್ಕೆ ಮುಗಿಯುತ್ತದೆ. ಟ್ಯಾಂಕ್‌ಗೆ ಸುರಿಯುವ ಕಪ್ಪು ಶಾಯಿಯ ಬಾಟಲಿ ಸಾವಿರಾರು ಪುಟ ಬರುತ್ತದೆ. ಆದರೂ ಕಾರ್ಟ್ರಿಜ್‌ಗೆ ಒಂದು ಅನುಕೂಲವಿದೆ: ಕೆಲವದರಲ್ಲಿ ಹೆಡ್ ಕಾರ್ಟ್ರಿಜ್‌ಗೇ ಅಂಟಿಕೊಂಡಿರುವುದರಿಂದ ಹೊಸ ಕಾರ್ಟ್ರಿಜ್ ಹಾಕಿದರೆ ಹೆಡ್ಡೂ ಹೊಸದಾದಂತೆ. ಇನ್ನು ಡಬ್ಬದ ಮೇಲಿನ ಪುಟಗಳ ಸಂಖ್ಯೆ ಎಡೆಬಿಡದೆ ಮುದ್ರಿಸಿ ಅಳೆದದ್ದು. ದಿನಕ್ಕೊಂದು ಪುಟ ತೆಗೆಯುವ ಇಂಕ್‌ಜೆಟ್‌ನಲ್ಲಿ ಅಷ್ಟು ಸಿಗುವುದಿಲ್ಲ, ಏಕೆಂದರೆ ಕ್ಲೀನಿಂಗ್ ತನ್ನ ಪಾಲು ತೆಗೆದುಕೊಳ್ಳುತ್ತದೆ.

ಲೇಸರ್‌ನಲ್ಲಿ ಆರಿಹೋಗುವಂಥದ್ದು ಏನೂ ಇಲ್ಲ. ಟೋನರ್ ಎಂದರೆ ನುಣ್ಣನೆಯ ಪ್ಲಾಸ್ಟಿಕ್ ಪುಡಿ. ಡ್ರಮ್ ಎಂಬ ಉರುಳೆ ಅದನ್ನು ಕಾಗದದ ಮೇಲೆ ಇಡುತ್ತದೆ, ಸುಮಾರು 200 ಡಿಗ್ರಿ ಸೆಲ್ಸಿಯಸ್ ಕಾವಿನ ಫ್ಯೂಸರ್ ಕರಗಿಸಿ ಅಂಟಿಸುತ್ತದೆ. ಆರು ತಿಂಗಳು ಬಿಟ್ಟರೂ ಮೊದಲ ಪುಟವೇ ಸರಿಯಾಗಿ ಬರುತ್ತದೆ, ನೀರು ಬಿದ್ದರೂ ಅಕ್ಷರ ಹರಡುವುದಿಲ್ಲ. ಸಣ್ಣ ಗಾತ್ರದ ಕನ್ನಡದಲ್ಲಿ ಇದರ ಬೆಲೆ ಗೊತ್ತಾಗುತ್ತದೆ: ಅಗ್ಗದ ಕಾಗದದಲ್ಲಿ ಶಾಯಿ ಇಂಗಿ ಒತ್ತಕ್ಷರದ ಸುಳಿಗಳು ಮುಚ್ಚಿಹೋದರೆ, ಲೇಸರ್‌ನಲ್ಲಿ ಬಿಡಿಬಿಡಿಯಾಗಿ ಕಾಣುತ್ತವೆ.

ಖರ್ಚಿನ ಲೆಕ್ಕದಲ್ಲಿ ಎರಡು ವಿಷಯ ಮರೆಯಬೇಡಿ. ಯಂತ್ರದ ಜೊತೆ ಬರುವ ಟೋನರ್ ಸಾಮಾನ್ಯವಾಗಿ ಪೂರ್ತಿ ತುಂಬಿದ್ದಲ್ಲ. ಡ್ರಮ್ ಬೇರೆಯಾಗಿರುವ ಮಾಡೆಲ್ ಆದರೆ ಟೋನರ್‌ನ ಬೆಲೆಯನ್ನು ಅದರ ಪುಟಗಳಿಂದ ಭಾಗಿಸಿ, ಡ್ರಮ್‌ನ ಬೆಲೆಯನ್ನು ಅದರ ಪುಟಗಳಿಂದ ಭಾಗಿಸಿ, ಎರಡನ್ನೂ ಕೂಡಿಸಿ. ಫ್ಯೂಸರ್ ಕಾಯುವಾಗ ಒಮ್ಮೆಲೇ ತುಂಬಾ ಕರೆಂಟು ಎಳೆಯುತ್ತದೆ. ಕಂಪ್ಯೂಟರ್‌ನ ಸಣ್ಣ ಯುಪಿಎಸ್‌ಗೆ ಲೇಸರ್ ಸಿಕ್ಕಿಸಬೇಡಿ, ನೇರ ಗೋಡೆಯ ಸಾಕೆಟ್‌ಗೇ ಕೊಡಿ.

ಲೇಸರ್ ಕೈಕೊಡುವುದು ಬೇರೆ ರೀತಿ. ಪುಟದ ಉದ್ದಕ್ಕೂ ಅದೇ ಚುಕ್ಕಿ ಮತ್ತೆ ಮತ್ತೆ ಬಂದರೆ ಸ್ಕೇಲ್ ಇಟ್ಟು ಅಂತರ ಅಳೆಯಿರಿ. 24 ಮಿ.ಮೀ. ವ್ಯಾಸದ ಡ್ರಮ್ಮಿಗೆ ಅದು ಸುಮಾರು 75 ಮಿ.ಮೀ., 30ರದ್ದಕ್ಕೆ 94. ಅಂತರ ಹೊಂದಿದರೆ ಡ್ರಮ್ ಮೇಲೆ ಗೀರೋ ಕೊಳೆಯೋ ಇದೆ. ಉದ್ದುದ್ದ ಮಸುಕು ಪಟ್ಟಿ ಬಂದರೆ ಟೋನರ್ ಮುಗಿಯುತ್ತಿದೆ. ಕಾರ್ಟ್ರಿಜ್ ತೆಗೆದು ಅಡ್ಡಡ್ಡ ನಾಲ್ಕೈದು ಸಲ ನಿಧಾನಕ್ಕೆ ಅಲುಗಿಸಿ ಹಾಕಿದರೆ ಇನ್ನಷ್ಟು ಪುಟ ಬರುತ್ತವೆ. ಹೊರತೆಗೆದ ಡ್ರಮ್ ಬೆಳಕಿಗೆ ಹೆಚ್ಚು ಹೊತ್ತು ಬೀಳದಿರಲಿ. ಬೆರಳಿನಿಂದ ಉಜ್ಜಿದರೆ ಅಕ್ಷರ ಪುಡಿಯಾಗಿ ಎದ್ದು ಬರುತ್ತಿದೆಯೇ? ಬಹುಶಃ ಕಾಗದ ದಪ್ಪವಿದೆ, ಕಂಪ್ಯೂಟರ್‌ನ ಪ್ರಿಂಟರ್ ಸೆಟ್ಟಿಂಗ್‌ನಲ್ಲಿ (ಡ್ರೈವರ್) ದಪ್ಪ ಕಾಗದ ಎಂಬುದನ್ನು ಆಯ್ಕೆ ಮಾಡಿ. ಉಟ್ಟ ಬಟ್ಟೆಯ ಮೇಲೆ ಟೋನರ್ ಚೆಲ್ಲಿದರೆ ಮೊದಲು ಒಣ ಬಟ್ಟೆಯಿಂದ ಒರೆಸಿ, ಆಮೇಲೆ ತಣ್ಣೀರು. ಬಿಸಿನೀರು ಹಾಕಿದರೆ ಪುಡಿ ಮೆತ್ತಗಾಗಿ ಬಟ್ಟೆಗೇ ಅಂಟಿಕೊಳ್ಳುತ್ತದೆ.

ಫೋಟೋ ವಿಷಯದಲ್ಲಿ ಮಾತ್ರ ಲೇಸರ್ ನಂಬಬೇಡಿ. ಬಣ್ಣದ ಲೇಸರ್ ಚಾರ್ಟ್‌ಗೆ, ನಕ್ಷೆಗೆ ಸರಿ, ಮುಖದ ಮೈಬಣ್ಣಕ್ಕೆ ಇಂಕ್‌ಜೆಟ್ಟೇ ಬೇಕು. ಹಾಗೆಂದು ಇಂಕ್‌ಜೆಟ್‌ನ ಹೊಳಪಿನ ಫೋಟೋ ಪೇಪರನ್ನು ಲೇಸರ್‌ಗೆ ತುರುಕಲೇಬೇಡಿ. ಅದರ ಲೇಪ ಫ್ಯೂಸರ್‌ನ ಕಾವಿಗೆ ಕರಗಿ ರೋಲರ್‌ಗೆ ಮೆತ್ತಿಕೊಂಡರೆ ಫ್ಯೂಸರ್ರನ್ನೇ ಬದಲಿಸಬೇಕಾಗಬಹುದು. ಅಂಟು ಲೇಬಲ್ ಹಾಳೆಗೂ ಇದೇ ಮಾತು: ಲೇಸರ್‌ಗೆ ಎಂದು ಡಬ್ಬದ ಮೇಲೆ ಬರೆದಿರುವುದನ್ನೇ ಕೊಳ್ಳಿ, ಒಂದೆರಡು ಲೇಬಲ್ ಕಿತ್ತ ಹಾಳೆಯನ್ನು ಮತ್ತೆ ಟ್ರೇಗೆ ಹಾಕಬೇಡಿ.