ಪಿಡ್ಲ್ ಹೊಳೆಯ ಊರುಗಳು

11 ಮೇ 2024, ಶನಿವಾರ

ಬೆಳಿಗ್ಗೆ ಏಳಕ್ಕೇ ರೆಡಿಂಗ್ ಬಿಟ್ಟೆವು. ಅಮ್ಮ ಬಂದು ಮೂರು ವಾರ ಆಯ್ತು, ಲಂಡನ್ ಬಿಟ್ಟು ಬೇರೇನೂ ತೋರಿಸಿರಲಿಲ್ಲ. ಇಂಗ್ಲೆಂಡಿನ ದಕ್ಷಿಣ ತೀರದ ಡಾರ್ಸೆಟ್‌ಗೆ ಹೋಗೋಣ ಅಂದೆ. ‘ಅಲ್ಲೇನಿದೆ?’ ‘ಹಳ್ಳಿಗಳಿವೆ.’ ‘ಹಳ್ಳಿ ನೋಡೋಕೆ ನಾನು ವಿಮಾನ ಹತ್ತಬೇಕಿತ್ತಾ?’ ನನ್ನ ಹತ್ತಿರ ಉತ್ತರವಿರಲಿಲ್ಲ.

ಡಾರ್ಚೆಸ್ಟರ್ ಪಕ್ಕದ ಕಣಿವೆಯಲ್ಲಿ ಪಿಡ್ಲ್ ಅಂತ ಒಂದು ಹೊಳೆ. ಹೊಳೆ ಅನ್ನೋದೇ ಜಾಸ್ತಿ ಆಯ್ತು, ನಮ್ಮ ಕಡೆ ಹಳ್ಳ ಅಂತಿದ್ದೆವು. ಸೀಮೆಸುಣ್ಣದ ಗುಡ್ಡಗಳಿಂದ ಇಳಿಯುವ ನೀರು, ತಳದ ಕಲ್ಲು ಎಣಿಸುವಷ್ಟು ತಿಳಿ. ಆದರೆ ಹೆಸರೇ ಹೀಗೆ: ಇಂಗ್ಲಿಷ್‌ನಲ್ಲಿ ಮಕ್ಕಳ ಬಾಯಲ್ಲಿ ಪಿಡ್ಲ್ ಅಂದರೆ ಉಚ್ಚೆ. ದಂಡೆಯ ಊರುಗಳಿಗೆಲ್ಲ ಅದೇ ಅಂಟಿಕೊಂಡಿದೆ. ಮೇಲೆ ಪಿಡ್ಲ್‌ಟ್ರೆಂಥೈಡ್, ಪಿಡ್ಲ್‌ಹಿಂಟನ್. ಕೆಳಗೆ ಬರ್ತಾ ಪಿಡ್ಲ್ ಹೋಗಿ ಪಡ್ಲ್ ಆಗುತ್ತದೆ: ಪಡ್ಲ್‌ಟೌನ್, ಟೋಲ್‌ಪಡ್ಲ್, ಆಫ್‌ಪಡ್ಲ್, ಬ್ರಯಂಟ್ಸ್‌ಪಡ್ಲ್. ಅಮ್ಮನಿಗೆ ಅರ್ಥ ಹೇಳಿದ್ದೇ ತಪ್ಪಾಯಿತು. ಬೋರ್ಡು ಕಂಡಾಗಲೆಲ್ಲ ನಗು. ‘ಇದನ್ನ ಚಿಕ್ಕಮ್ಮನಿಗೆ ಹೇಳಲೇಬೇಕು’ ಅಂತ ಮೂರು ಸಲ ಹೇಳಿದರು.

ಹೆಸರುಗಳ ಒಳಗೆ ಹಳೆಯ ಲೆಕ್ಕಗಳೂ ಇವೆ. ಟ್ರೆಂಥೈಡ್ ಅಂದರೆ ಮೂವತ್ತು ಹೈಡ್. ಹೈಡ್ ಅನ್ನೋದು ಕಂದಾಯ ಹಾಕಲು ಆಗ ಇಟ್ಟುಕೊಂಡಿದ್ದ ಭೂಮಿಯ ಅಳತೆ. ಟೋಲ್‌ಪಡ್ಲ್‌ನ ಟೋಲ್ ಬಂದಿದ್ದು ಟೋಲಾ ಅನ್ನುವ ಹೆಂಗಸಿನಿಂದ. ಸುಮಾರು ಸಾವಿರ ವರ್ಷದ ಹಿಂದೆ ಈ ಜಮೀನಿನ ಒಡತಿ. ಗಂಡ ಸತ್ತ ಮೇಲೆ ಆಸ್ತಿಯನ್ನು ಮಠಕ್ಕೆ ಬರೆದುಕೊಟ್ಟಳು. ಹೆಸರು ಮಾತ್ರ ಊರಲ್ಲೇ ಉಳಿಯಿತು.

ಟೋಲ್‌ಪಡ್ಲ್‌ನಲ್ಲೇ ಹೆಚ್ಚು ಹೊತ್ತು ಕೂತೆವು. ಹೆದ್ದಾರಿ ಈಗ ಊರ ಹೊರಗೆ ಹೋಗುವುದರಿಂದ ಒಳಗೆ ಸದ್ದೇ ಇಲ್ಲ. ಹುಲ್ಲು ಹೊದಿಸಿದ ಮನೆಗಳು, ಹಸಿರು ಬಯಲಲ್ಲಿ ಒಂದು ಮುದಿ ಸಿಕಮೋರ್ ಮರ. ಕಾಂಡ ದಪ್ಪ, ಕೊಂಬೆ ಕಡಿದು ಭಾರ ಇಳಿಸಿದ್ದಾರೆ. ಅಮ್ಮ ತಕ್ಷಣ ‘ಕಟ್ಟೆ ಎಲ್ಲಿ?’ ಅಂದರು. ಕಟ್ಟೆ ಇಲ್ಲ, ಆದರೆ ಕೆಲಸ ಅದೇ. ಊರಿನ ಕೂಲಿಯವರು ಸೇರುತ್ತಿದ್ದುದು ಇದರ ಕೆಳಗೆ.

1830ರ ದಶಕದ ಶುರುವಿನಲ್ಲಿ ಅವರ ವಾರದ ಕೂಲಿ ಇಳಿದು ಇಳಿದು 7 ಶಿಲ್ಲಿಂಗ್ ಆಗಿತ್ತು. ಇನ್ನು 6 ಮಾಡುತ್ತೇವೆ ಅಂದರು ಜಮೀನ್ದಾರರು. ಕೂಲಿಯವರು ಸಂಘ ಕಟ್ಟಿದರು. ಸಂಘ ಕಟ್ಟುವುದು ಆಗ ಅಪರಾಧವಲ್ಲ. ಆದ್ದರಿಂದ ಗುಟ್ಟಾಗಿ ಆಣೆ ಮಾಡಿಸಿದರು ಅಂತ ಹಿಡಿದರು. ಅದಕ್ಕೆ ಬಳಸಿದ್ದು 1797ರ ಕಾಯ್ದೆ, ನೌಕಾಪಡೆಯಲ್ಲಿ ದಂಗೆ ಆದಾಗ ಮಾಡಿದ್ದು! ಹೊಲ ಉಳುವವನಿಗೂ ಹಡಗಿಗೂ ಏನು ಸಂಬಂಧ, ಅಲ್ವಾ? 1834ರ ಮಾರ್ಚಿನಲ್ಲಿ ಆರು ಜನರಿಗೆ ಆಸ್ಟ್ರೇಲಿಯಾಕ್ಕೆ 7 ವರ್ಷ ಗಡೀಪಾರು. ಲಂಡನ್ ಬೀದಿಯಲ್ಲಿ ಸಾವಿರಾರು ಜನ ಮೆರವಣಿಗೆ ಹೋದರು. ಎರಡು ವರ್ಷಕ್ಕೆ ಸರ್ಕಾರ ಕ್ಷಮೆ ಕೊಟ್ಟಿತು. ಇವರನ್ನು ಹುತಾತ್ಮರು ಅಂತಲೇ ಕರೆಯುತ್ತಾರೆ, ಆರೂ ಜನ ಬದುಕಿ ವಾಪಸ್ ಬಂದರೂ.

ಐವರು ಆಮೇಲೆ ಕೆನಡಾಕ್ಕೆ ಹೋದರು. ಊರಲ್ಲಿ ಉಳಿದವನು ಜೇಮ್ಸ್ ಹ್ಯಾಮೆಟ್ ಒಬ್ಬನೇ. ಚರ್ಚಿನ ಅಂಗಳದಲ್ಲಿ ಅವನ ಸಮಾಧಿ ಇದೆ, ಸೊಂಟದೆತ್ತರವೂ ಇಲ್ಲದ ಕಲ್ಲು. ಆಣೆ ಮಾಡಿದ ರಾತ್ರಿ ಅವನು ಅಲ್ಲಿರಲೇ ಇಲ್ಲವಂತೆ. ಇದ್ದವನು ಅವನ ಒಡಹುಟ್ಟಿದ ಜಾನ್. ಜಾನ್‌ನ ಹೆಂಡತಿ ತುಂಬು ಬಸುರಿ. ಊರಿನ ಕಾನ್‌ಸ್ಟೇಬಲ್ ಹಿಡಿಯಲು ಬಂದಾಗ ಜೇಮ್ಸ್ ಬಾಯಿ ಬಿಡದೆ ಅವನ ಜೊತೆ ನಡೆದ. ಕೊನೆಗಾಲದಲ್ಲಿ ದುಡಿಯಲಾಗದೆ, ದಿಕ್ಕಿಲ್ಲದ ಬಡವರನ್ನು ಇಡುತ್ತಿದ್ದ ವರ್ಕ್‌ಹೌಸ್ ಸೇರಿ 1891ರಲ್ಲಿ ತೀರಿಕೊಂಡ.

ಅಮ್ಮ ಕಲ್ಲಿನ ಮೇಲಿದ್ದ ಒಣಗಿದ ಎಲೆ ತೆಗೆದು, ಸೆರಗಲ್ಲಿ ಒರೆಸಿದರು. ಮಾತಾಡಲಿಲ್ಲ.

ಮನೆಗೆ ಬರುವಾಗ ಎಂಟೂವರೆ. ರಾತ್ರಿ ಚಿಕ್ಕಮ್ಮನಿಗೆ ಫೋನ್ ಮಾಡಿ ಮುಕ್ಕಾಲು ಗಂಟೆ ಮಾತಾಡಿದರು. ‘ಒಡಹುಟ್ಟಿದವನ ಬದಲು ತಾನು ಹೋದ ಕಣೇ, ನೋಡು’ ಅಂತ ಶುರು. ಹೊಳೆಯ ಹೆಸರು ಹೇಳೋದು ಮರೆತೇಹೋಯಿತು.